ಮೊಗ್ಗಿನೊಳಗೇ ಮುಗಿಯುವ ಮದುವೆ

ಎರಡು ಬಗೆಯ ಬಟಾಣಿಯನ್ನು ಅಕ್ಕಪಕ್ಕ ಬೆಳೆದರೆ ತಳಿಗಳು ಬೆರೆತು ಕೆಡುತ್ತವೆ ಎಂಬ ಹೆದರಿಕೆ ಕೈತೋಟ ಮಾಡುವ ಹಲವರಲ್ಲಿದೆ. ಜೇನುನೊಣವನ್ನೇ ನಂಬಿರುವ ಕುಂಬಳ, ಸೌತೆಗಳ ವಿಷಯದಲ್ಲಿ ಅದು ಸರಿಯೇ. ಆದರೆ ಬಟಾಣಿಗೂ ಅದನ್ನೇ ಅನ್ವಯಿಸಿ, ಪಾರಂಪರಿಕ ತಳಿಯ ಬೀಜ ಎತ್ತಿಡುವ ಆಸೆಯನ್ನೇ ಕೈಬಿಡುವುದು ನನಗೆ ನಿಜಕ್ಕೂ ನೋವಿನ ಸಂಗತಿ.

ನಾಳೆ ಅರಳಲಿರುವ ಮೊಗ್ಗೊಂದನ್ನು ಕಿತ್ತು ಉಗುರಿನಿಂದ ಬಿಡಿಸಿ ನೋಡಿ. ಹೊರಗೆ ಅಗಲವಾದ ಒಂದು ಎಸಳು, ಅದರೊಳಗೆ ರೆಕ್ಕೆಯಂಥ ಎರಡು, ಅವುಗಳ ನಡುವೆ ಅಂಚು ಕೂಡಿಕೊಂಡು ಪುಟ್ಟ ದೋಣಿಯಂತಾದ ಇನ್ನೆರಡು. ಆ ದೋಣಿಯನ್ನು ಸೀಳಿದರೆ ಪರಾಗ ಹೊತ್ತ ಹತ್ತು ಗಂಡು ಕೇಸರಗಳು ಹೆಣ್ಣು ಭಾಗವಾದ ಶಲಾಕೆಯ ತುದಿಯನ್ನು ಒತ್ತಿಕೊಂಡು ನಿಂತಿರುತ್ತವೆ, ಹಳದಿ ಪರಾಗ ಆಗಲೇ ಉದುರಿ ಆ ತುದಿಗೆ ಮೆತ್ತಿಕೊಂಡಿರುತ್ತದೆ. ಬಾಗಿಲು ಹಾಕಿಕೊಂಡು ಮದುವೆ ಮುಗಿಸಿ, ಆಮೇಲೆ ಚಪ್ಪರ ಕಟ್ಟಿ ನೆಂಟರನ್ನು ಕರೆದಂತೆ. ಅಂಟಿಸಿದ ಲಕೋಟೆಯೊಳಗೆ ಪ್ರಶ್ನೆಯ ಜೊತೆಗೆ ಉತ್ತರವನ್ನೂ ಇಟ್ಟಂತೆ. ಹೂವು ಅರಳಿ ಜೇನುನೊಣ ಬರುವ ಹೊತ್ತಿಗೆ ಕೆಲಸ ಮುಗಿದಿರುತ್ತದೆ.

ಗುಣಗಳು ಪೀಳಿಗೆಯಿಂದ ಪೀಳಿಗೆಗೆ ಸಾಗುವ ನಿಯಮಗಳನ್ನು ಕಂಡುಹಿಡಿದ ಗ್ರೆಗರ್ ಮೆಂಡೆಲ್ ತಮ್ಮ ಪ್ರಯೋಗಗಳಿಗೆ ಬಟಾಣಿಯನ್ನು ಆರಿಸಿಕೊಂಡದ್ದಕ್ಕೆ ಇದೂ ಒಂದು ಮುಖ್ಯ ಕಾರಣ. 34 ತಳಿಗಳನ್ನು ತರಿಸಿ, ಎರಡು ವರ್ಷ ಪರೀಕ್ಷಿಸಿ, 22ನ್ನು ಉಳಿಸಿಕೊಂಡ ಅವರು, ಎರಡು ತಳಿಗಳನ್ನು ಕೂಡಿಸಬೇಕಾದಾಗ ಬಲಿಯದ ಮೊಗ್ಗನ್ನು ಬಿಡಿಸಿ ಕೇಸರಗಳನ್ನು ಚಿಮಟದಿಂದ ಒಂದೊಂದಾಗಿ ಕೀಳಬೇಕಾಗಿತ್ತು. ಎಚ್ಚರದಿಂದ ಪರಿಶೀಲಿಸಿದ 10,000ಕ್ಕೂ ಹೆಚ್ಚು ಗಿಡಗಳಲ್ಲಿ ಹೊರಗಿನ ಪರಾಗ ಸೇರಿದ್ದು ಖಚಿತವಾದದ್ದು ಕೆಲವೇ ಕೆಲವು ಸಂದರ್ಭಗಳಲ್ಲಿ ಎಂದು 1866ರ ಪ್ರಬಂಧದಲ್ಲಿ ಅವರೇ ಬರೆದಿದ್ದಾರೆ. ಮೊಟ್ಟೆಯಿಡಲು ಹೂವಿನೊಳಗೆ ನುಗ್ಗಿ ದೋಣಿಯನ್ನು ತೆರೆದುಬಿಡುವ ಒಂದು ದುಂಬಿಯ ಬಗ್ಗೆಯೂ ಅಲ್ಲಿ ಎಚ್ಚರಿಕೆಯಿದೆ.

ಹಾಗಾಗಿ ತಳಿಗಳ ನಡುವೆ ಒಂದೆರಡು ಮೀಟರ್ ಅಂತರವಿಟ್ಟರೆ ಕೈತೋಟಕ್ಕೆ ಸಾಕು. ಬಳ್ಳಿಗಳು ಹೆಣೆದುಕೊಂಡು ಕಾಯಿ ಕೀಳುವಾಗ ಕೈತಪ್ಪುವುದೇ ಪರಾಗಕ್ಕಿಂತ ದೊಡ್ಡ ಅಪಾಯ. ಕಾಯಿ ಬಳ್ಳಿಯಲ್ಲೇ ಒಣಗಿ, ಅಲ್ಲಾಡಿಸಿದರೆ ಒಳಗಿನ ಕಾಳು ಸದ್ದು ಮಾಡುವವರೆಗೆ ಬಿಡಬೇಕು.

ಬೆರಕೆಯಾಗಿದೆಯೇ ಎಂದು ಕಂಡುಹಿಡಿಯಲು ಸುಕ್ಕುಗಾಳಿನ ತಳಿಗಳಲ್ಲಿ ಸುಂದರವಾದ ಉಪಾಯವೊಂದಿದೆ. ಕಾಳಿನ ಆಕಾರವನ್ನು ತೀರ್ಮಾನಿಸುವುದು ತಾಯಿಗಿಡವಲ್ಲ, ಆ ಕಾಳಿನೊಳಗಿರುವ ಭ್ರೂಣ. ದುಂಡಗಿನ ಗುಣವೋ ಸುಕ್ಕಿನ ಗುಣವನ್ನು ಅಡಗಿಸುವಂಥದ್ದು. ಆದ್ದರಿಂದ ದುಂಡುಗಾಳಿನ ತಳಿಯ ಪರಾಗ ಒಳಗೆ ಸೇರಿದ್ದರೆ ಮುಂದಿನ ಪೀಳಿಗೆಯವರೆಗೆ ಕಾಯಬೇಕಿಲ್ಲ. ಒಣಗಿದ ಅದೇ ಕಾಯಿಯಲ್ಲಿ, ಸುಕ್ಕುಗಾಳುಗಳ ಸಾಲಿನಲ್ಲಿ, ಒಂದೇ ಒಂದು ನುಣ್ಣನೆಯ ದುಂಡು ಕಾಳು ಎದ್ದು ಕಾಣುತ್ತದೆ. ಅದನ್ನೊಂದನ್ನು ಆಯ್ದು ತೆಗೆದು ಉಳಿದದ್ದನ್ನು ಬೀಜಕ್ಕಿಡಬಹುದು.