ಊದುಗೊಳವೆ ಹಿಡಿದ ಕೈಗೆ ಇನ್ಹೇಲರ್

"ಬೀಡಿ ಸೇದಿದ್ದು ನಮ್ಮ ಯಜಮಾನ್ರು, ದಮ್ಮು ಬಂದಿದ್ದು ನನಗೆ. ಇದ್ಯಾವ ನ್ಯಾಯ ಡಾಕ್ಟ್ರೇ?"

ಮಲೆನಾಡಿನ ಕಡೆಯ ಅಮ್ಮ. ವಯಸ್ಸು 60 ದಾಟಿದೆ. ಮನೆಯಲ್ಲಿ ಯಾವ ಒಲೆ ಅಂತ ಕೇಳಿದೆ. ಗ್ಯಾಸ್ ಬಂದು ಹತ್ತು ವರ್ಷ ಆಯ್ತು ಅಂದರು. ಬಚ್ಚಲೊಲೆ? ನಕ್ಕರು. ಹಂಡೆಯ ಕೆಳಗೆ ಇವತ್ತಿಗೂ ಸೌದೆ, ತೆಂಗಿನ ಗರಿ, ಅಡಿಕೆ ಸಿಪ್ಪೆಯೇ ಉರಿಯುವುದು.

ಅಮ್ಮನಿಗಿರುವುದು ಸಿಒಪಿಡಿ, ಶ್ವಾಸನಾಳ ಕಿರಿದಾಗಿ ದಮ್ಮು ಬರುವ ದೀರ್ಘಕಾಲದ ಕಾಯಿಲೆ. ಅದು ಸಿಗರೇಟಿನವರ ಕಾಯಿಲೆ ಅಂತ ಜನ ತಿಳಿದಿದ್ದಾರೆ. ನಮ್ಮ ಡಾಕ್ಟರುಗಳೂ ಬೀಡಿ ಸಿಗರೇಟಿನ ಬಗ್ಗೆ ಕೇಳುತ್ತಾರೆ, ಬಚ್ಚಲೊಲೆಯ ಬಗ್ಗೆ ಕೇಳುವುದಿಲ್ಲ. ಹೊಗೆ ಯಾವುದಾದರೇನು, ವರ್ಷಗಟ್ಟಲೆ ಒಳಗೆ ಹೋದರೆ ಶ್ವಾಸನಾಳಗಳು ಊದಿಕೊಂಡು ಕಿರಿದಾಗುತ್ತವೆ, ಕಫ ಜಾಸ್ತಿಯಾಗುತ್ತದೆ, ಗಾಳಿಗೂಡುಗಳು ಬಿಗಿ ಕಳೆದುಕೊಂಡು ಜೋಲುತ್ತವೆ. ಹಾಗೆ ಹಾಳಾದ ಭಾಗ ಮತ್ತೆ ಬರುವುದಿಲ್ಲ. ಇದನ್ನು ನಾನು ಮುಚ್ಚಿಡುವುದಿಲ್ಲ.

"ಉಸಿರು ಒಳಗೇ ಹೋಗ್ತಿಲ್ಲ" ಅನ್ನುತ್ತಾರೆ. ನಿಜವಾದ ತೊಂದರೆ ಉಸಿರು ಹೊರಗೆ ಬರದಿರುವುದು. ಬಸ್ಸಿನಲ್ಲಿ ಇಳಿಯುವವರು ಇಳಿಯದಿದ್ದರೆ ಹತ್ತುವವರಿಗೆ ಜಾಗ ಎಲ್ಲಿ? ಅದಕ್ಕೇ ಸ್ಪೈರೋಮೆಟ್ರಿ ಅನ್ನುವ ಉಸಿರಿನ ಪರೀಕ್ಷೆಯಲ್ಲಿ ಊದಿಸುವುದು. ಶ್ವಾಸನಾಳ ಹಿಗ್ಗಿಸುವ ಔಷಧ ಕೊಟ್ಟ ಮೇಲೂ, ಊದಿದ ಒಟ್ಟು ಗಾಳಿಯಲ್ಲಿ ಮೊದಲ ಸೆಕೆಂಡಿಗೆ ಬಂದಿದ್ದು 70%ಗಿಂತ ಕಡಿಮೆಯಿದ್ದರೆ ನಾಳ ಕಿರಿದಾಗಿದೆ ಅಂತ ಅರ್ಥ. ಶುರುವಿನಲ್ಲಿ ಎಕ್ಸ್‌ರೇ ಸರಿಯಾಗಿಯೇ ಕಾಣಬಹುದು. ಅದನ್ನು ನಂಬಿ ಕೂರಬೇಡಿ.

ಇನ್ಹೇಲರ್ ಬರೆದರೆ ಮುಖ ಸಪ್ಪಗಾಗುತ್ತದೆ. "ಪಂಪ್ ಅಭ್ಯಾಸ ಆಗ್ಬಿಡುತ್ತಂತೆ, ಮಾತ್ರೆನೇ ಕೊಡಿ." ಲೆಕ್ಕ ನೋಡಿ. ಶ್ವಾಸನಾಳ ಹಿಗ್ಗಿಸುವ ಸಾಲ್ಬುಟಮಾಲ್ ಔಷಧದ ಮಾತ್ರೆ ಒಂದರಲ್ಲಿ ಸಾಮಾನ್ಯವಾಗಿ 4 ಮಿಲಿಗ್ರಾಂ ಇರುತ್ತದೆ. ಪಂಪನ್ನು ಒಂದು ಸಲ ಒತ್ತಿದರೆ ಬರುವುದು 100 ಮೈಕ್ರೋಗ್ರಾಂ. ಅಂದರೆ ಮಾತ್ರೆಯ ನಲವತ್ತರಲ್ಲಿ ಒಂದು ಪಾಲು, ಅದೂ ನೇರ ಬೇಕಾದ ಜಾಗಕ್ಕೆ. ಮಾತ್ರೆ ತಿಂದವರ ಕೈ ನಡುಗುವುದು ಸುಮ್ನೆ ಅಲ್ಲ.

ಆದರೆ ಸರಿಯಾಗಿ ಎಳೆದರೆ ಮಾತ್ರ. ಆ ಅಮ್ಮ ನನ್ನೆದುರು ಪಂಪ್ ಒತ್ತಿದಾಗ ಅರ್ಧ ಔಷಧ ಬಾಯಿಂದ ಹೊಗೆಯ ಹಾಗೆ ಆಚೆ ಬಂತು. ಮೊದಲು ಉಸಿರು ಪೂರ್ತಿ ಬಿಡಬೇಕು. ಪಂಪ್ ಆದರೆ ಒತ್ತುತ್ತಾ ನಿಧಾನವಾಗಿ ಎಳೆಯಬೇಕು, ಪುಡಿಯ ಇನ್ಹೇಲರ್ ಆದರೆ ಜೋರಾಗಿ. ಈ ಎರಡು ಅದಲುಬದಲಾಗುವುದನ್ನು ನಾನು ದಿನಾ ನೋಡುತ್ತೇನೆ. ಆಮೇಲೆ ಹತ್ತು ಎಣಿಸುವವರೆಗೆ ಉಸಿರು ಹಿಡಿಯಬೇಕು. ಒತ್ತುವುದೂ ಎಳೆಯುವುದೂ ಹೊಂದದಿದ್ದರೆ ಪಂಪಿಗೆ ಸ್ಪೇಸರ್, ಅಂದರೆ ಔಷಧ ಹಿಡಿದಿಡುವ ಕೊಳವೆಯಂಥ ಡಬ್ಬಿ, ಹಾಕಿಕೊಳ್ಳಿ, ಅದರಲ್ಲಿ ಅವಮಾನವೇನಿಲ್ಲ. ಸ್ಟೀರಾಯ್ಡ್ ಇರುವ ಇನ್ಹೇಲರ್ ಆದರೆ ಬಾಯಿ ಮುಕ್ಕಳಿಸಿ ಉಗುಳಬೇಕು.

ಏದುಸಿರು ಬಂದಾಗ ಮೂಗಿನಿಂದ ಎಳೆದು, ತುಟಿ ಚೂಪು ಮಾಡಿ ಅದರ ಎರಡರಷ್ಟು ಹೊತ್ತು ಮೆಲ್ಲಗೆ ಬಿಡಬೇಕು. ನಾಳ ಬೇಗ ಮುಚ್ಚಿಕೊಳ್ಳದೆ ಒಳಗೆ ಸಿಕ್ಕಿಬಿದ್ದ ಗಾಳಿ ಹೊರಗೆ ಬರುತ್ತದೆ. ಹೇಗೆ ಅಂತ ತೋರಿಸುತ್ತಿದ್ದೆ. "ಓ, ಊದುಗೊಳವೆ ಊದಿದಂಗೆ!" ಅಂದರು. ಹೌದಮ್ಮ, ಆದರೆ ಕೆಂಡ ಹತ್ತಿಸುವಷ್ಟು ಜೋರಾಗಿ ಬೇಡ.

ಕಫ ಹೆಚ್ಚಾಗಿ ಹಳದಿ, ಹಸಿರಾದರೆ, ದಮ್ಮು ಏರಿದರೆ ಹಳೇ ಚೀಟಿ ಹಿಡಿದು ಮೆಡಿಕಲ್ ಶಾಪಿಗೆ ಹೋಗಬೇಡಿ, ಡಾಕ್ಟರ ಹತ್ತಿರ ಬನ್ನಿ. ತುಟಿ ನೀಲಿಯಾದರೆ, ಮಂಪರು ಬಂದರೆ ಆಗಲೇ ಆಸ್ಪತ್ರೆಗೆ ಹೊರಡಿ. ಪ್ರತಿ ವರ್ಷ ಫ್ಲೂ ಲಸಿಕೆ ಹಾಕಿಸಿಕೊಳ್ಳಿ. ಇನ್ನು ಮನೆಯಲ್ಲಿ ಆಕ್ಸಿಜನ್ ಮೆಷಿನ್ ಇದ್ದರೆ ಅಪ್ಪ ಅಮ್ಮನ ಮೇಲಿನ ಪ್ರೀತಿಗೆ ಅದರ ಗುಂಡಿ ತಿರುಗಿಸಬೇಡಿ. ಈ ಕಾಯಿಲೆಯಲ್ಲಿ ರಕ್ತದ ಆಕ್ಸಿಜನ್ ಮಟ್ಟ 88ರಿಂದ 92% ಸಾಕು. ಬೆರಳಿನ ಮೀಟರು 99 ತೋರಿಸಲಿ ಅಂತ ಹೆಚ್ಚಿಸಿದರೆ ಕೆಲವರಿಗೆ ಕಾರ್ಬನ್ ಡೈಆಕ್ಸೈಡ್ ಒಳಗೇ ಕೂಡಿಕೊಂಡು ಅದೇ ಮಂಪರಿಗೆ ದಾರಿಯಾಗುತ್ತದೆ.

ಮೂರು ತಿಂಗಳ ನಂತರ ಅಮ್ಮ ಬಂದರು. ಪಂಪ್ ಈಗ ಚೆನ್ನಾಗಿ ಎಳೆಯುತ್ತಾರೆ. ಬಚ್ಚಲೊಲೆ?

"ಈಗ ಅವರೇ ಹಚ್ತಾರೆ ಡಾಕ್ಟ್ರೇ. ಬೀಡಿನೂ ಅದರಲ್ಲೇ ಹಚ್ಕೋತಾರೆ."

ಮುಂದಿನ ಸಲ ಅವರನ್ನೂ ಕರ್ಕೊಂಡು ಬನ್ನಿ, ಊದಿಸಿ ನೋಡೋಣ ಅಂದೆ.