ಮಳೆಗಾಲ, ಗಂಬೂಟು ಮತ್ತು ಸಕ್ಕರೆ ಕಾಯಿಲೆಯ ಕಾಲು

"ಶುಗರ್ ಇದೆ, ಆದರೆ ತೊಂದರೆ ಏನೂ ಇಲ್ಲ." ಹತ್ತು ವರ್ಷದಿಂದ ಮಾತ್ರೆ ನುಂಗುತ್ತಿರುವವರ ಬಾಯಲ್ಲೂ ಇದೇ ಮಾತು. ತೊಂದರೆ ಅಂದರೆ ಅವರ ಲೆಕ್ಕದಲ್ಲಿ ನೋವು, ಸುಸ್ತು, ಗಾಯ. ಸಕ್ಕರೆ ಕಾಯಿಲೆ ವರ್ಷಗಟ್ಟಲೆ ಒಳಗೊಳಗೇ ಮಾಡುವ ಹಾನಿಗೆ ಈ ಲೆಕ್ಕ ಹಿಡಿದರೆ ಮೋಸ ಹೋಗುತ್ತೇವೆ. ನೋವಿನ ಸುದ್ದಿಯನ್ನು ಮೆದುಳಿಗೆ ಮುಟ್ಟಿಸಬೇಕಾದ ನರವೇ ಇಲ್ಲಿ ಕೆಡುತ್ತಿರುತ್ತದೆ.

ಸ್ನಾಯು ಮತ್ತು ಕೊಬ್ಬಿನ ಕೋಶಗಳಿಗೆ ಸಕ್ಕರೆ ಹೆಚ್ಚಾಗಿ ಇನ್ಸುಲಿನ್‌ನ ಅಪ್ಪಣೆಯ ಮೇಲೆಯೇ ಹೋಗುತ್ತದೆ. ಕಣ್ಣಿನ ರೆಟಿನಾದ ಸಣ್ಣ ರಕ್ತನಾಳ, ಕಿಡ್ನಿಯ ಸೋಸುವ ಭಾಗ, ನರ, ಈ ಮೂರು ಕಡೆಯ ಕೋಶಗಳಿಗೆ ಆ ಕಾವಲಿಲ್ಲ. ರಕ್ತದಲ್ಲಿ ಸಕ್ಕರೆ ಏರಿದಷ್ಟೂ ಒಳಗೂ ಏರುತ್ತದೆ. ಅದರಲ್ಲಿ ಒಂದಿಷ್ಟು ಪ್ರೋಟೀನುಗಳಿಗೆ ಅಂಟಿಕೊಂಡು ಅವನ್ನು ಬಿರುಸಾಗಿಸುತ್ತದೆ. ಸಣ್ಣ ನಾಳಗಳ ಗೋಡೆ ದಪ್ಪವಾಗುತ್ತದೆ, ಜೊತೆಗೇ ಸೋರಲೂ ಶುರುವಾಗುತ್ತದೆ. ಕಣ್ಣು, ಕಿಡ್ನಿ, ಕಾಲು ಒಟ್ಟೊಟ್ಟಿಗೆ ಕೆಡುವುದು ಇದರಿಂದ.

ನರಗಳಲ್ಲಿ ಅತಿ ಉದ್ದದವು ಮೊದಲು ಸೋಲುತ್ತವೆ. ಹಾಗಾಗಿ ಜುಮುಜುಮು, ಉರಿ, ಜೋಮು ಕಾಲ್ಬೆರಳ ತುದಿಯಲ್ಲಿ ಕಾಣಿಸಿಕೊಂಡು, ಕಾಲುಚೀಲ ಬರುವಷ್ಟು ಎತ್ತರಕ್ಕೆ ನಿಧಾನವಾಗಿ ಹತ್ತುತ್ತದೆ. ಮಲಗಿದ ಮೇಲೆ ಉರಿ ಜಾಸ್ತಿ. ಒಂದೆರಡು ವರ್ಷದಲ್ಲಿ ಉರಿ ತಾನಾಗಿ ನಿಂತರೆ ವಾಸಿಯಾಯಿತೆಂದು ನಂಬುವವರಿದ್ದಾರೆ. ಬಹಳ ಸಲ ಆಗಿರುವುದು ಏನೆಂದರೆ, ಉರಿಯನ್ನು ಹೇಳುತ್ತಿದ್ದ ನರವೇ ಸತ್ತಿದೆ. ಇನ್ನೊಂದು ಮಾತು: ಮೆಟ್‌ಫಾರ್ಮಿನ್ ಮಾತ್ರೆಯನ್ನು ಹಲವು ವರ್ಷ ತಿಂದವರಲ್ಲಿ ವಿಟಮಿನ್ ಬಿ12 ಇಳಿಯಬಹುದು, ಅದೂ ಇದೇ ತರಹದ ಜೋಮು ತರುತ್ತದೆ. ಇದನ್ನು ಸರಿಪಡಿಸುವುದು ಸುಲಭ. ಆದ್ದರಿಂದ ಜೋಮು ಇದ್ದವರು ಬಿ12 ಪರೀಕ್ಷೆ ಮಾಡಿಸದೆ ಬಿಡಬಾರದು. ಮಾತ್ರೆಯನ್ನು ಮಾತ್ರ ತಾವಾಗಿ ನಿಲ್ಲಿಸಬಾರದು.

ಜೋಮು ಹಿಡಿದ ಕಾಲಿಗೆ ಕೊಡಗಿನ ಮಳೆಗಾಲದಷ್ಟು ಕಷ್ಟದ ಕಾಲ ಇನ್ನೊಂದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೋಟದ ಕೆಲಸದವರು, ಗದ್ದೆಯವರು ಬೆಳಿಗ್ಗೆ ಹಾಕಿದ ಗಂಬೂಟನ್ನು ಸಂಜೆಗೆ ಕಳಚುತ್ತಾರೆ. ರಬ್ಬರಿನೊಳಗೆ ಬೆವರು ಆರುವುದಿಲ್ಲ. ಬೆರಳ ಸಂದಿಯ ಚರ್ಮ ಬೆಳ್ಳಗಾಗಿ ಮೆತ್ತಗೆ ಸುಲಿಯುತ್ತದೆ, ಅಲ್ಲಿ ಬೂಷ್ಟು ಸೋಂಕು ಹತ್ತುತ್ತದೆ, ಆ ಬಿರುಕಿನಲ್ಲಿ ಬ್ಯಾಕ್ಟೀರಿಯ ಒಳಗಿಳಿಯುತ್ತದೆ. ಬೂಟನ್ನು ಹಾಕುವ ಮುನ್ನ ತಲೆಕೆಳಗೆ ಮಾಡಿ ಕೊಡವಿ, ಕೈ ತೂರಿಸಿ ನೋಡಬೇಕು. ಒಳಗೆ ಉಳಿದ ಒಂದು ಕಾಫಿ ಬೀಜ ಇಡೀ ದಿನ ಅಂಗಾಲನ್ನು ಒತ್ತಿದರೂ ಜೋಮು ಹಿಡಿದವರಿಗೆ ತಿಳಿಯದು. ಕಾಲುಚೀಲ ಬಿಳಿ ಬಣ್ಣದ್ದಿರಲಿ, ರಕ್ತವೋ ಕೀವೋ ತಕ್ಷಣ ಕಾಣುತ್ತದೆ. ಮಧ್ಯಾಹ್ನ ಊಟದ ಹೊತ್ತಿಗೆ ಒಣಗಿದ ಇನ್ನೊಂದು ಜೊತೆಗೆ ಬದಲಿಸಿ. ಎರಡು ಜೊತೆ ಬೂಟಿದ್ದು ದಿನ ಬಿಟ್ಟು ದಿನ ಹಾಕಿದರೆ ಒಳಭಾಗ ಆರಲು ಸಮಯ ಸಿಗುತ್ತದೆ.

ಜಿಗಣೆಯ ವಿಚಾರಕ್ಕೆ ಬಂದರೆ, ಅದು ಕಚ್ಚಿದ್ದು ಆರೋಗ್ಯವಂತರಿಗೂ ಸುಲಭಕ್ಕೆ ಗೊತ್ತಾಗುವುದಿಲ್ಲ. ಆದ್ದರಿಂದ ಜಿಗಣೆ ಕಚ್ಚಿದ್ದು ತಿಳಿಯಲಿಲ್ಲವೆಂದು ನರ ಹೋಯಿತೆಂದು ಹೆದರಬೇಕಿಲ್ಲ. ಅಪಾಯ ಇರುವುದು ಆಮೇಲಿನ ತುರಿಕೆ, ಕೆರೆತ, ಉಗುರಿನ ಗಾಯದಲ್ಲಿ. ಜಿಗಣೆ ಬಿಡಿಸಲು ಸುಣ್ಣ ಹಚ್ಚುವ ರೂಢಿ ಹಲವು ಕಡೆ ಇದೆ. ಸುಣ್ಣ ಚರ್ಮವನ್ನು ಸುಡುತ್ತದೆ, ಜೋಮು ಹಿಡಿದ ಕಾಲಿಗೆ ಆ ಸುಡುವುದೂ ತಿಳಿಯದು. ಉಗುರನ್ನು ಅದರ ಬಾಯಿಯ ಪಕ್ಕದಲ್ಲಿ ಚರ್ಮಕ್ಕೆ ಒತ್ತಿ ಜಾರಿಸಿದರೆ ಅದು ಬಿಡುತ್ತದೆ. ರಕ್ತ ನಿಲ್ಲಲು ಕಾಫಿ ಪುಡಿ ಮೆತ್ತಬೇಡಿ. ಸೋಪು ನೀರಲ್ಲಿ ತೊಳೆದು, ಶುಭ್ರ ಬಟ್ಟೆಯಲ್ಲಿ ಒತ್ತಿ ಹಿಡಿದರೆ ಸಾಕು. ಜಿಗಣೆಯ ಜೊಲ್ಲು ರಕ್ತ ಹೆಪ್ಪುಗಟ್ಟದಂತೆ ತಡೆಯುವುದರಿಂದ ಸ್ವಲ್ಪ ಹೆಚ್ಚು ಹೊತ್ತು ಬೇಕಾಗುತ್ತದೆ, ಅಷ್ಟೇ.

ಸಂಜೆ ಚಳಿಗೆ ಒಲೆಯ ಮುಂದೆ ಕಾಲು ಚಾಚಿ ಕೂರುವುದು, ಬಿಸಿನೀರಿನ ಬಕೆಟ್ಟಿಗೆ ಕಾಲಿಡುವುದು, ಎರಡೂ ಜೋಮು ಹಿಡಿದ ಕಾಲಿಗೆ ಬೊಬ್ಬೆ ತರುತ್ತವೆ. ನೀರಿನ ಬಿಸಿಯನ್ನು ಮೊಣಕೈಯಿಂದ ನೋಡಿ. ಬೆರಳಿನಲ್ಲೂ ಸ್ಪರ್ಶ ಕಡಿಮೆಯಾಗಿರಬಹುದು. ತೊಳೆದ ಮೇಲೆ ಬೆರಳ ಸಂದಿಗಳನ್ನು ಒತ್ತಿ ಒರೆಸಿ. ಒಡೆದ ಹಿಮ್ಮಡಿಗೆ ಕೊಬ್ಬರಿ ಎಣ್ಣೆ ಸರಿ, ಸಂದಿಗೆ ಬೇಡ. ಆಣಿಯನ್ನು ಬ್ಲೇಡಿನಿಂದ ಕೆತ್ತುವುದು, ಔಷಧ ಅಂಗಡಿಯ ಆಣಿಪಟ್ಟಿ ಅಂಟಿಸುವುದು, ಇವೆರಡೂ ಹುಣ್ಣಿಗೆ ಬಾಗಿಲು ತೆರೆಯುತ್ತವೆ. ಪಟ್ಟಿಯಲ್ಲಿರುವುದು ಚರ್ಮ ಕರಗಿಸುವ ಆಮ್ಲ. ಆಣಿಯ ದಪ್ಪ ಚರ್ಮದ ಕೆಳಗೆ ಹೊರಗೆ ಕಾಣದಂತೆ ಹುಣ್ಣು ಬೆಳೆಯುತ್ತಿರುವುದೂ ಉಂಟು.

ಕಾಲಿನ ಸ್ಪರ್ಶವನ್ನು ಮನೆಯಲ್ಲೇ ನೋಡುವ ಒಂದು ವಿಧಾನ ಇಂಗ್ಲೆಂಡಿನ ಇಪ್ಸ್‌ವಿಚ್ ಊರಿನ ಆಸ್ಪತ್ರೆಯಿಂದ ಬಂದಿದೆ. ಪರೀಕ್ಷೆ ಮಾಡಿಸಿಕೊಳ್ಳುವವರು ಕಣ್ಣು ಮುಚ್ಚಿ ಮಲಗಬೇಕು. ಮನೆಯವರೊಬ್ಬರು ತೋರುಬೆರಳ ತುದಿಯಿಂದ ಮೊದಲು ಬಲಗಾಲಿನ ಹೆಬ್ಬೆರಳು, ಕಿರುಬೆರಳು, ನಂತರ ಎಡಗಾಲಿನ ಹೆಬ್ಬೆರಳು, ಕಿರುಬೆರಳು, ಕೊನೆಗೆ ಬಲ ಮತ್ತು ಎಡಗಾಲಿನ ನಡುಬೆರಳು, ಹೀಗೆ ಆರು ಬೆರಳ ತುದಿಗಳನ್ನು ಒಂದೆರಡು ಸೆಕೆಂಡು ಹಗುರಾಗಿ ಮುಟ್ಟಬೇಕು. ಒತ್ತುವಂತಿಲ್ಲ, ತಟ್ಟುವಂತಿಲ್ಲ, ಒಮ್ಮೆ ತಿಳಿಯದಿದ್ದರೆ ಅದೇ ಬೆರಳನ್ನು ಮತ್ತೆ ಮುಟ್ಟುವಂತಿಲ್ಲ. ತಿಳಿದಾಗ "ಬಲ", "ಎಡ" ಎನ್ನಬೇಕು. ಆರರಲ್ಲಿ ಎರಡು ಅಥವಾ ಹೆಚ್ಚು ತಪ್ಪಿದರೆ ವೈದ್ಯರ ಬಳಿ ಹೋಗಿ ಮೋನೋಫಿಲಮೆಂಟ್ ಪರೀಕ್ಷೆ ಮಾಡಿಸಬೇಕು. ಇದು 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆ, ಒಂದೆರಡು ನಿಮಿಷದ ಕೆಲಸ. ಸ್ಪರ್ಶ ಕಡಿಮೆ ಇದ್ದವರು ಮನೆಯೊಳಗೂ ಬರಿಗಾಲಲ್ಲಿ ನಡೆಯದೆ, ಹಿಂದೆ ಪಟ್ಟಿ ಇರುವ ಎಂಸಿಆರ್ (ಸಣ್ಣ ಗಾಳಿಗುಳ್ಳೆಗಳ ಮೆತ್ತನೆಯ ರಬ್ಬರಿನ) ಚಪ್ಪಲಿ ಹಾಕಿಕೊಳ್ಳುವುದು ಒಳ್ಳೆಯದು.

ಹುಣ್ಣು ಎಷ್ಟೇ ಚಿಕ್ಕದಿದ್ದರೂ ಒಂದು ದಿನದೊಳಗೆ ತೋರಿಸಿ, ಅಲ್ಲಿಯವರೆಗೆ ಆ ಕಾಲಿನ ಮೇಲೆ ಭಾರ ಹಾಕಬೇಡಿ. ನೋವಿಲ್ಲವೆಂದು ನಡೆದಾಡುವುದರಿಂದಲೇ ಹೆಚ್ಚಿನ ಹುಣ್ಣುಗಳು ಮೂಳೆಯವರೆಗೆ ಇಳಿಯುತ್ತವೆ. ಗಾಯವೇ ಇಲ್ಲದೆ ಒಂದು ಪಾದ ಕೆಂಪಾಗಿ, ಊದಿ, ಇನ್ನೊಂದಕ್ಕಿಂತ ಬಿಸಿಯಾಗಿದ್ದರೆ ಉಳುಕು ಅಂತ ಎಣ್ಣೆ ತಿಕ್ಕಿಸಬೇಡಿ. ಪಾದದ ಮೂಳೆಗಳು ಒಳಗೇ ಮುರಿದು ಕುಸಿಯುವ ಶಾರ್ಕೊ ತೊಂದರೆ ಅದಾಗಿರಬಹುದು. ನಡೆದಷ್ಟೂ ಪಾದದ ಆಕಾರ ಕೆಡುತ್ತದೆ.

ಕಿಡ್ನಿಯದು ಇನ್ನೂ ಗುಟ್ಟಿನ ವ್ಯವಹಾರ. ಕೊಡವರ ಕಕ್ಕಡ ತಿಂಗಳಲ್ಲಿ ಮದ್ದುಸೊಪ್ಪಿನ ಪಾಯಸ ಉಂಡರೆ ಮೂತ್ರ ಕೆಂಪಾಗುತ್ತದೆ, ಅದಕ್ಕೆ ಯಾರೂ ಹೆದರುವುದಿಲ್ಲ, ಹೆದರಬೇಕಾಗಿಯೂ ಇಲ್ಲ. (ಪಾಯಸದ ಬೆಲ್ಲವೂ ಸಕ್ಕರೆಯೇ, ಹಾಗಾಗಿ ಬಟ್ಟಲು ಚಿಕ್ಕದಿರಲಿ.) ನಿಜವಾಗಿ ನೋಡಬೇಕಾದದ್ದು ಬಣ್ಣವೇ ತೋರದ ಸೋರಿಕೆ, ಅಂದರೆ ಅಲ್ಬುಮಿನ್ ಎಂಬ ಪ್ರೋಟೀನಿನ ಸೋರಿಕೆ. ಮೂತ್ರದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಹೊರಹಾಕುವ ಕಸ) ಜೊತೆ ಅಲ್ಬುಮಿನ್‌ನ ಅನುಪಾತ, ಒಂದು ಗ್ರಾಂ ಕ್ರಿಯಾಟಿನಿನ್‌ಗೆ 30 ಮಿಲಿಗ್ರಾಂಗಿಂತ ಕಡಿಮೆ ಇರಬೇಕು, 300 ದಾಟಿದರೆ ಹಾನಿ ಬಹಳ ಮುಂದುವರಿದಿದೆ. ರಕ್ತದ ಕ್ರಿಯಾಟಿನಿನ್ ಒಂದನ್ನೇ ನೋಡಿ ಸಮಾಧಾನಪಟ್ಟುಕೊಳ್ಳಬೇಡಿ: ಕಿಡ್ನಿಯ ಕೆಲಸ ಅರ್ಧದಷ್ಟು ಕುಸಿಯುವವರೆಗೂ ಅದು ಸಹಜದ ಆಸುಪಾಸಿನಲ್ಲೇ ಇರಬಹುದು. ಜ್ವರ, ಮೂತ್ರದ ಸೋಂಕು, ಮುಟ್ಟು ಇದ್ದಾಗ, ಹಿಂದಿನ ದಿನ ಕಾಫಿ ಮೂಟೆ ಹೊತ್ತಿದ್ದರೆ ಅಲ್ಬುಮಿನ್ ಸುಮ್ಮನೆ ಹೆಚ್ಚು ತೋರುತ್ತದೆ. ಆದ್ದರಿಂದ ಮೂರರಿಂದ ಆರು ತಿಂಗಳೊಳಗೆ ಮೂರು ಸಲ ನೋಡಿ, ಎರಡರಲ್ಲಿ ಹೆಚ್ಚಿದ್ದರೆ ಮಾತ್ರ ಹೌದು ಅನ್ನುತ್ತಾರೆ. ಮೈಕೈ ನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೆನ್ ಮಾತ್ರೆಗಳನ್ನು ಕೇಳಿ ಕೊಂಡು ನುಂಗುವ ಚಟ ಈ ಕಿಡ್ನಿಗಳಿಗೆ ಬಲು ದುಬಾರಿ. ರಕ್ತದೊತ್ತಡ 130/80ರೊಳಗೆ ಇಳಿದರೆ ಸಕ್ಕರೆ ಇಳಿದಷ್ಟೇ ಲಾಭ ಕಿಡ್ನಿಗೆ ಆಗುತ್ತದೆ.

ಸರಾಸರಿ ಸಕ್ಕರೆ ತೋರುವ ಎಚ್‌ಬಿಎ1ಸಿ ಬಗ್ಗೆ ಒಂದು ಎಚ್ಚರಿಕೆ. ಬ್ರಿಟನ್ನಿನಲ್ಲಿ 1977ರಲ್ಲಿ ಶುರುವಾಗಿ 5,102 ಜನರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನದಲ್ಲಿ, ಈ ಅಂಕಿ ಶೇಕಡ 1ರಷ್ಟು ಕಡಿಮೆ ಇದ್ದವರಲ್ಲಿ ಸಣ್ಣ ನಾಳಗಳ ತೊಂದರೆ ಶೇಕಡ 37ರಷ್ಟು ಕಡಿಮೆ ಕಂಡಿತು. ಹೆಚ್ಚಿನವರಿಗೆ ಗುರಿ 7ರೊಳಗೆ. ವಯಸ್ಸಾದವರಿಗೆ, ಸಕ್ಕರೆ ಪದೇಪದೇ ಕುಸಿಯುವವರಿಗೆ ಸ್ವಲ್ಪ ಸಡಿಲ. ಆದರೆ ಈ ಅಂಕಿ ಕೆಂಪು ರಕ್ತಕಣದ ಆಯಸ್ಸನ್ನು ನೆಚ್ಚಿಕೊಂಡಿದೆ. ಕಬ್ಬಿಣದ ಕೊರತೆಯ ರಕ್ತಹೀನತೆಯಲ್ಲಿ ಅದು ಇರುವುದಕ್ಕಿಂತ ಹೆಚ್ಚು ತೋರಬಹುದು. ಬುಡಕಟ್ಟು ಜನರ ಹಾಡಿಗಳಲ್ಲಿ ಕಂಡುಬರುವ ಸಿಕಲ್ ಸೆಲ್ (ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗುವ ವಂಶವಾಹಿ ಕಾಯಿಲೆ) ಇದ್ದವರಲ್ಲಿ ಕಡಿಮೆ ತೋರಿ, ಎಲ್ಲ ಸರಿಯಿದೆ ಎನ್ನಿಸಬಹುದು. ಅಂಥವರು ಬೆರಳು ಚುಚ್ಚಿ ನೋಡುವ ಸಕ್ಕರೆಯನ್ನೇ ನಂಬಬೇಕು.

ಕಣ್ಣಿನ ಬಗ್ಗೆ ಹೇಳಬೇಕಾದದ್ದು ಚಿಕ್ಕದು. ದೃಷ್ಟಿ 6/6 ಇದ್ದರೂ ರೆಟಿನಾದಲ್ಲಿ ರಕ್ತ ಸೋರುತ್ತಿರಬಹುದು. ಟೈಪ್ 2 ಇದ್ದವರು ಕಾಯಿಲೆ ಗೊತ್ತಾದ ವರ್ಷವೇ, ಆಮೇಲೆ ವರ್ಷಕ್ಕೊಮ್ಮೆ, ಕಣ್ಣಿನ ಪಾಪೆ ಹಿಗ್ಗಿಸಿ ನೋಡಿಸಬೇಕು. ಕನ್ನಡಕದ ಅಂಗಡಿಯ ತಪಾಸಣೆ ಇದಕ್ಕೆ ಬದಲಿಯಲ್ಲ. ಲೇಸರ್ ಚಿಕಿತ್ಸೆ ಉಳಿದ ದೃಷ್ಟಿಯನ್ನು ಕಾಪಾಡುತ್ತದೆ, ಹೋದದ್ದನ್ನು ಸಾಮಾನ್ಯವಾಗಿ ಮರಳಿಸುವುದಿಲ್ಲ. ಹನಿ ಹಾಕಿದ ಮೇಲೆ ನಾಲ್ಕೈದು ಗಂಟೆ ಕಣ್ಣು ಮಂಜಾಗಿ, ಬೆಳಕು ಚುಚ್ಚುತ್ತದೆ. ಮಡಿಕೇರಿಗೆ ಸ್ಕೂಟರಿನಲ್ಲಿ ಒಬ್ಬರೇ ಹೋಗಿ ಪರೀಕ್ಷೆ ಮುಗಿಸಿ ಆ ತಿರುವುಗಳಲ್ಲಿ ವಾಪಸ್ ಓಡಿಸುವ ಯೋಜನೆ ಬೇಡ, ಬೆಳಗಿನ ಬಸ್ಸಿನಲ್ಲಿ ಮನೆಯವರೊಬ್ಬರನ್ನು ಕರೆದುಕೊಂಡು ಹೋಗಿ.