ಫ್ರಿಹಿಲಿಯಾನ ನೋಡಲು ಗೈಡ್ ಬೇಕೇ?

ಪ್ರಶ್ನೆ: ದಕ್ಷಿಣ ಸ್ಪೇನಿನ ಮಾಲಗಕ್ಕೆ ಹೋದಾಗ ಹತ್ತಿರದ ಫ್ರಿಹಿಲಿಯಾನ ಎಂಬ ಬೆಟ್ಟದೂರನ್ನೂ ನೋಡಬೇಕೆಂದಿದ್ದೇವೆ. ಗೈಡ್ ಇಲ್ಲದೆ ನಾವೇ ನಡೆದು ನೋಡಿದರೆ ಊರಿನ ಚರಿತ್ರೆ ತಿಳಿಯುತ್ತದೆಯೇ?

ಉತ್ತರ: ಖಂಡಿತ ತಿಳಿಯುತ್ತದೆ, ಏಕೆಂದರೆ ಆ ಊರು ತನ್ನ ಕಥೆಯನ್ನು ಗೋಡೆಗಳ ಮೇಲೆಯೇ ಬರೆಸಿಕೊಂಡಿದೆ. ಬಾರ್ರಿಬಾರ್ತೊ ಎಂಬ ಹಳೆಯ ಕೇರಿಯ ಓಣಿಗಳಲ್ಲಿ ಅಲ್ಲಲ್ಲಿ ಪಿಂಗಾಣಿ ಹೆಂಚುಗಳಿಂದ ಮಾಡಿದ 12 ಚಿತ್ರಫಲಕಗಳಿವೆ. ಅವುಗಳ ಬರಹ ಸ್ಪ್ಯಾನಿಷ್ ಭಾಷೆಯಲ್ಲಿರುವುದರಿಂದ ಕಥೆಯನ್ನು ಮೊದಲೇ ತಿಳಿದುಕೊಂಡು ಹೋಗುವುದು ಒಳ್ಳೆಯದು.

ಬಲವಂತದಿಂದ ಕ್ರೈಸ್ತರಾದ ಮುಸ್ಲಿಮರನ್ನೂ ಅವರ ಸಂತತಿಯವರನ್ನೂ ಸ್ಪೇನಿನಲ್ಲಿ ಮೊರಿಸ್ಕೋಗಳು ಎನ್ನುತ್ತಿದ್ದರು. ದೊರೆ ಎರಡನೆಯ ಫಿಲಿಪ್ ಅವರ ಅರಬ್ಬಿ ಭಾಷೆ, ಉಡುಪು, ಸ್ನಾನಗೃಹಗಳನ್ನೆಲ್ಲ ನಿಷೇಧಿಸಿದ ಆಜ್ಞೆ 1567ರಲ್ಲಿ ಹೊರಬಿತ್ತು; ಮರುವರ್ಷದ ಕ್ರಿಸ್‌ಮಸ್ ಹೊತ್ತಿಗೆ ಗ್ರನಾಡದ ಅಲ್ಪುಹಾರ ಬೆಟ್ಟಗಳಲ್ಲಿ ದಂಗೆಯೆದ್ದಿತು. ಅದು ಈ ಕಡೆಗೂ ಹಬ್ಬಿದಾಗ ಸುತ್ತಲಿನ ಹಳ್ಳಿಗಳ ಮೊರಿಸ್ಕೋಗಳು ಹೆಂಡತಿ ಮಕ್ಕಳೊಂದಿಗೆ ಫ್ರಿಹಿಲಿಯಾನದ ಮೇಲಿನ ಬಂಡೆಬೆಟ್ಟವನ್ನೇರಿ ನೆಲೆನಿಂತರು. 1569ರ ಜೂನ್ 11ರಂದು ಲೂಯಿಸ್ ದೆ ರೆಕೆಸೆನ್ಸ್ ನೇತೃತ್ವದ ಸೇನೆ ಆ ಬೆಟ್ಟವನ್ನು ಗೆದ್ದಿತು. ಉಳಿದವರನ್ನು ಹೊರಗಟ್ಟಿದ ಮೇಲೆ, ಬರಿದಾದ ಮನೆಗಳಿಗೆ ಬೇರೆಡೆಯ ಕ್ರೈಸ್ತ ಕುಟುಂಬಗಳು ಬಂದು ಸೇರಿದವು. ಬಿಳಿ ಗೋಡೆಗಳ ಮುಂದೆ ಫೋಟೊ ತೆಗೆಸಿಕೊಂಡು ಮರಳುವವರೇ ಹೆಚ್ಚಾದರೂ, ಮೆಟ್ಟಿಲು ಮೆಟ್ಟಿಲಾಗಿ ಏರುತ್ತ, ಥಟ್ಟನೆ ತಿರುಗುತ್ತ, ಕೆಲವೆಡೆ ಮನೆಗಳ ಅಡಿಯಲ್ಲೇ ನುಸುಳುವ ಈ ಓಣಿಗಳ ವಿನ್ಯಾಸ ಹಾಗೆ ಹೊರಹೋದವರದೆಂಬುದು ನೆನಪಿನಲ್ಲಿದ್ದರೆ ನಡಿಗೆಯೇ ಬೇರೆಯಾಗುತ್ತದೆ. ದಂಗೆಯ ಮುಖಂಡನಾದ ಎರ್ನಾಂದೊ ಎಲ್ ದಾರ್ರನ ಹೆಸರನ್ನು ಇಂದು ಊರಿನ ಒಂದು ಬೀದಿಗೆ ಇಟ್ಟಿದ್ದಾರೆ.

ನಡಿಗೆಯನ್ನು ಊರಬಾಗಿಲಲ್ಲೇ ಇರುವ ಎಲ್ ಇನ್‌ಹೇನಿಯೊದಿಂದ ಆರಂಭಿಸಬಹುದು. 16ನೆಯ ಶತಮಾನದಲ್ಲಿ ಮನ್ರಿಕೆ ದೆ ಲಾರ ಮನೆತನದವರು ಕಟ್ಟಿಸಿದ ಈ ಅರಮನೆ ಮುಂದೆ ಕಬ್ಬಿನ ಗಾಣವಾಯಿತು. ಇಲ್ಲಿ ತಯಾರಾಗುವ ‘ಕಬ್ಬಿನ ಜೇನು’ ಹೆಸರಿಗಷ್ಟೇ ಜೇನು. ನಮ್ಮ ಮಲೆನಾಡಿನ ಜೋನಿ ಬೆಲ್ಲವನ್ನು ಬಲ್ಲವರಿಗೆ ಅದನ್ನು ವಿವರಿಸಬೇಕಾಗಿಲ್ಲ. ಕರಿದ ಬದನೆಕಾಯಿಯ ಮೇಲೆ ಅದನ್ನು ಸುರಿದು ಕೊಡುವುದು ಈ ಸೀಮೆಯ ರೂಢಿ. ಕಬ್ಬನ್ನು ಸ್ಪೇನಿಗೆ ತಂದವರು ಅರಬರು ಎಂಬುದನ್ನು ಗಮನಿಸಿದರೆ, ಗೆದ್ದವರ ಈ ಅರಮನೆಯೂ ಸೋತವರ ಬೆಳೆಯಿಂದಲೇ ಬದುಕಿತೆನ್ನಬೇಕು.

ಅಲ್ಲಿಂದ ಮುಖ್ಯಬೀದಿಯಾದ ಕಾಯೆ ರಿಯಾಲ್ ಹಿಡಿದು 1676ರಲ್ಲಿ ಕಟ್ಟಿದ ಸಂತ ಅಂತೋನಿಯ ಚರ್ಚು, ಅದೇ ಶತಮಾನದ ಹಳೆಯ ಕಾರಂಜಿ ಇವುಗಳನ್ನು ನೋಡಿಕೊಂಡು, ಆಮೇಲೆ ಮೇಲಿನ ಓಣಿಗಳಿಗೆ ಹೊರಳಿದರೆ ಫಲಕಗಳು ಒಂದೊಂದಾಗಿ ಎದುರಾಗುತ್ತವೆ. ಒಂದೆರಡು ತಪ್ಪಿಹೋದರೂ ಕಥೆಯ ಎಳೆ ಕಡಿಯುವುದಿಲ್ಲ. ಎಲ್ಲವನ್ನೂ ನಿಧಾನವಾಗಿ ನೋಡಲು ಅರ್ಧ ದಿನ ಧಾರಾಳವಾಯಿತು.

ನೆಲಕ್ಕೆ ಬೆಣಚುಕಲ್ಲು ಹಾಸಿರುವುದರಿಂದ ಜಾರದ ಬೂಟು ಬೇಕು, ಬೇಸಿಗೆಯಲ್ಲಾದರೆ ಬೆಳಗ್ಗೆಯೇ ಹೊರಡಬೇಕು. ಊರಿನ ನೆತ್ತಿಯ ಲಿಸಾರ್ ಕೋಟೆಯಲ್ಲಿ ಅಡಿಪಾಯದ ಕುರುಹುಗಳನ್ನು ಬಿಟ್ಟರೆ ಹೆಚ್ಚೇನೂ ಉಳಿದಿಲ್ಲ. ಮಂಡಿನೋವಿರುವವರು ಆ ಏರನ್ನು ಬಿಟ್ಟರೂ ನಷ್ಟವಿಲ್ಲ, ಉಳಿದವರು ಸಮುದ್ರದವರೆಗಿನ ನೋಟಕ್ಕಾಗಿ ಹತ್ತಬಹುದು.